ಹುಲ್ಲು ಅಳೆಯಲು ಹೋಗಿ ಕೂಗು ಕಲಿತದ್ದು

ಹರಿಹರದ ಸೇತುವೆ

ನಾನು ಪರದೇಶಕ್ಕೆ ಹೋಗುತ್ತಿದ್ದೇನೆಂದು ನಮ್ಮ ಅಜ್ಜಿ ಬೀದಿಗೆಲ್ಲ ಸಾರಿಬಿಟ್ಟಿದ್ದಳು. ಲಂಡನ್ನಿಗೋ ಎಂದು ಕೇಳಿದವರಿಗೆ, ಅಲ್ಲ, ಅದಕ್ಕಿಂತ ಆಚೆ, ನರಗುಂದಕ್ಕೆ ಎಂದಳಂತೆ. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಹರಿಹರದ ಸೇತುವೆ ದಾಟಿದರೆ ನಮ್ಮ ಮೈಸೂರು ಮುಗಿಯಿತು, ಆಚೆ ದಡ ಮುಂಬಯಿ ರಾಜ್ಯ. ಎರಡು ದಡದಲ್ಲೂ ಕನ್ನಡವೇ, ಇನ್ನೇನು ಎಲ್ಲ ಒಂದಾಗುತ್ತದೆ ಎಂದು ಪತ್ರಿಕೆಗಳು ದಿನಾ ಬರೆಯುತ್ತಿವೆ. ಬರೆಯಲಿ. ಆದರೆ ಸೇತುವೆ ದಾಟಿದ ಮೇಲೆ ನನಗೆ ಒಂದು ಲೋಟ ಕಾಫಿ ಸಿಕ್ಕಲಿಲ್ಲ. ಕಾಫಿ ಕೇಳಿದರೆ ಚಹಾ ಕೊಟ್ಟು, ಕುಡಿದು ನೋಡು ಎಂದು ಕಾಯಿಲೆಯವನಿಗೆ ಹೇಳುವಂತೆ ಹೇಳುತ್ತಾರೆ. ಕಾಫಿ ಸಿಗದ ಜಾಗವನ್ನು ಪರದೇಶ ಅನ್ನದೆ ಇನ್ನೇನನ್ನಬೇಕು?

ಹೋದದ್ದು ನಮ್ಮ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರದ ತಂಡ. ಪ್ರೊಫೆಸರ್ ಅನಂತಯ್ಯನವರು ದಂಡನಾಯಕರು. ಅವರ ಶಿಷ್ಯ ಕೇಶವಮೂರ್ತಿ ದುರ್ಬೀನು ಹೊತ್ತವನು. ಮಿಕ್ಕಿದ್ದನ್ನೆಲ್ಲ ಹೊತ್ತವನು ನಾನು. ಆ ಸೀಮೆಯ ಹುಲ್ಲುಗಾವಲುಗಳಲ್ಲಿ ಯಾವ ಹುಲ್ಲು ಉಳಿದಿದೆ, ಅದನ್ನು ಮೇಯುವ ಕುರಿಗಳೆಷ್ಟು ಎಂದು ನೋಡಿಕೊಂಡು, ಕೊನೆಯ ಊರಿನಲ್ಲಿ ಸಭೆ ಸೇರಿಸಿ ಜನಕ್ಕೆ ತಿಳಿವಳಿಕೆ ಹೇಳಿ ಬರುವುದು ನಮ್ಮ ಕೆಲಸ. ಹುಲ್ಲಿನ ವಿಷಯದಲ್ಲಿ ನಾನು ಶುದ್ಧ ದಡ್ಡ. ಆದರೆ ಯಾರ ಮಾತನ್ನಾದರೂ ಒಮ್ಮೆ ಕೇಳಿದರೆ ಹಾಗೇ ಆಡಿ ತೋರಿಸುವ ಚಾಳಿ ನನಗಿದೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಪ್ರೊಫೆಸರರ ದನಿಯಲ್ಲೇ ಪ್ರೊಫೆಸರರಿಗೆ ಸ್ವಾಗತ ಕೋರಿದವನು ನಾನು. ಅವರು ಅದನ್ನು ಮರೆತಿರಲಿಲ್ಲ. ಧಾರವಾಡದ ಕಡೆಯ ಕನ್ನಡ ಇವನ ಬಾಯಿಗೆ ಬೇಗ ಹತ್ತುತ್ತೆ, ದುಭಾಷಿಯಾಗಿ ಬರಲಿ ಎಂದು ಕರೆದುಕೊಂಡರು. ಕನ್ನಡದಿಂದ ಕನ್ನಡಕ್ಕೆ ದುಭಾಷಿ! ಇದನ್ನು ಸಂಬಂಧಪಟ್ಟವರು ಗಮನಿಸಬೇಕು.

ನರಗುಂದ

ಹುಬ್ಬಳ್ಳಿಯಲ್ಲಿ ಒಂದು ಜೀಪು, ಅದರ ಡ್ರೈವರ್ ಇಮಾಮಸಾಬ, ಇಬ್ಬರೂ ನಮ್ಮ ಪಾಲಿಗೆ ಬಂದರು. ಇಬ್ಬರಿಗೂ ಕೆಮ್ಮು. ನರಗುಂದ ಮುಟ್ಟುವ ಹೊತ್ತಿಗೆ ನಾನು ಇಬ್ಬರ ಕೆಮ್ಮನ್ನೂ ಕಲಿತಿದ್ದೆ.

ಹುಲ್ಲು ನೋಡಲು ಬಂದವರಿಗೆ ನರಗುಂದದಲ್ಲಿ ಕಂಡದ್ದು ಕಪ್ಪು ಹೊಲ. ಅದಕ್ಕೆ ಅಲ್ಲಿ ಎರಿ ಎನ್ನುತ್ತಾರೆ. ಜೋಳ, ಗೋಧಿ, ಹತ್ತಿ ಎಲ್ಲ ಮನೆ ಸೇರಿ, ಬಿಸಿಲಿಗೆ ಬಿರುಕು ಬಿಟ್ಟು, ಮುಗಿಲಿನತನಕ ಒಂದೇ ಬಣ್ಣ. ಅದರ ನಡುವೆ ಒಂದು ಕುರಿಹಿಂಡು ಮಲಗಿತ್ತು. ಪ್ರೊಫೆಸರರು ಕನ್ನಡಕ ಒರೆಸಿಕೊಂಡು, “ನೋಡಿದೆಯಾ ಮೂರ್ತಿ, ಒಂದು ಎಸಳು ಹುಲ್ಲಿಲ್ಲ, ಹಿಂಡು ಮಾತ್ರ ಇಷ್ಟು ದೊಡ್ಡದು” ಎಂದರು. ಕೇಶವಮೂರ್ತಿ ದುರ್ಬೀನು ಎತ್ತಿ ಎಣಿಸಿದ. ಮಲಗಿದ ಕುರಿಯನ್ನು ದುರ್ಬೀನಿನಲ್ಲಿ ಎಣಿಸುವುದನ್ನು ನೋಡಿ ನಗು ತಡೆಯಲಾರದೆ ನಾನು ಹಿಂಡಿನ ಕಡೆಗೇ ನಡೆದುಬಿಟ್ಟೆ.

ಕಂಬಳಿಯ ನೆರಳಿನಲ್ಲಿ ಕುರುಬರ ಬೀರಪ್ಪ, ಅವನ ಹೆಂಡತಿ ಮಾಳವ್ವ ಕೂತಿದ್ದರು. ಮೇವಿಲ್ಲದ ಹೊಲದಲ್ಲಿ ಹಿಂಡು ಯಾಕೆ ಎಂದು ನಮ್ಮ ಪ್ರೊಫೆಸರರ ಗತ್ತಿನಲ್ಲೇ ಕೇಳಿದೆ. ಮಾಳವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹೊಲದ ಗೌಡರೇ ಕರೆಸಿ ರಾತ್ರಿ ಇಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರಂತೆ. ಹಿಕ್ಕೆ, ಉಚ್ಚೆ ಬಿದ್ದ ಹೊಲ ಬರುವ ವರ್ಷ ದುಪ್ಪಟ್ಟು ಬೆಳೆಯುತ್ತದೆ, ಅದಕ್ಕೆ ಇವರಿಗೆ ಜೋಳ. ಹಗಲು ಮೇಯಿಸಲು ಹಳ್ಳದ ದಂಡೆ, ಬದು. ಮಳೆ ಹಿಡಿಯುವ ಮುಂಚೆ ಎರಿ ಬಿಟ್ಟು ಗುಡ್ಡ ಸೇರಬೇಕು, ಈ ಮಣ್ಣು ಹಸಿಯಾದರೆ ಕುರಿಯ ಗೊರಸು ಕೊಳೆಯುತ್ತದೆ ಎಂದಳು. ಯಾವ ಗುಡ್ಡ ಎಂದು ನಾನು ಕೇಳಲಿಲ್ಲ. ನನ್ನ ಕಿವಿ ಆಗಲೇ ಬೀರಪ್ಪನ ಬಾಯಿಯ ಮೇಲಿತ್ತು.

ಬೀರಪ್ಪ ಹಿಂಡನ್ನು ಎಬ್ಬಿಸುತ್ತಿದ್ದ. ಮಾತಿಲ್ಲ, ಕೋಲಿಲ್ಲ. ತುಟಿಯನ್ನು ನಡುಗಿಸಿ, ನಾಲಿಗೆಯನ್ನು ಅಂಗುಳಕ್ಕೆ ಬಡಿದು, ಕೊನೆಗೆ ಮುಂದಿನ ಹಲ್ಲಿನ ಸಂದಿಯಿಂದ ಗಾಳಿ ಬಿಟ್ಟ. ಆ ಕೊನೆಯ ಸಿಳ್ಳೆಗೆ ಇಡೀ ಹಿಂಡು ಒಂದೇ ಮೈಯಂತೆ ಎದ್ದಿತು. ಒಬ್ಬೊಬ್ಬ ಕುರುಬನದೂ ಬೇರೆ ಕೂಗು, ಹಟ್ಟಿಯಲ್ಲಿ ಎರಡು ಹಿಂಡು ಕಲೆತರೆ ಆಯಾ ಕೂಗಿಗೆ ಆಯಾ ಹಿಂಡು ಬೇರೆಯಾಗುತ್ತದಂತೆ. ಬೀರಪ್ಪನ ಕೂಗು ಯಾರಿಗೂ ಬರುವುದಿಲ್ಲ, ಅದಕ್ಕೆ ಆ ಮುರುಕು ಹಲ್ಲು ಬೇಕು ಎಂದು ಮಾಳವ್ವ ಹೆಮ್ಮೆಯಿಂದಲೇ ಗಂಡನನ್ನು ಹಂಗಿಸಿದಳು.

ನನಗೂ ಒಂದು ಮುರುಕು ಹಲ್ಲಿದೆ. ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಸೈಕಲ್ಲಿನ ಮೇಲೆ ಕೈಬಿಟ್ಟು ಕೂತು ಸಂಪಾದಿಸಿದ್ದು. ಜನ್ಮದಲ್ಲಿ ಮೊದಲ ಬಾರಿ ಅದಕ್ಕೆ ಒಂದು ಉಪಯೋಗ ಕಂಡಿತು. ಮೊದಲ ಸಲ ಕೂಗಿದಾಗ ಕುರಿಗಳು ಕಿವಿ ಮಾತ್ರ ಆಡಿಸಿದವು. ಸಂಜೆಯ ಹೊತ್ತಿಗೆ ಹಿಂಡು ಬೀರಪ್ಪನನ್ನು ಬಿಟ್ಟು ನನ್ನ ಸುತ್ತ ನಿಂತಿತ್ತು. ಬೀರಪ್ಪ ನಗಲಿಲ್ಲ. ಮಾಳವ್ವ ನಕ್ಕಳು.

“ಏನ ತಮ್ಮಾ, ಮೈಸೂರಾಗ ಅಷ್ಟು ಸಾಲಿ ಕಲ್ತು ಕುರಿ ಕರ್ಯಾಕ ಬಂದಿ? ಕರದಿ ಅಂದ ಮ್ಯಾಲ ಮೇಸಬೇಕಾಕ್ಕೈತಿ, ನೆನಪಿಟ್ಟಿರು.”

ಶಿರೋಳ, ಬೆಳವಣಕಿ

ಶಿರೋಳ ದಾಟಿದ ಮೇಲೆ, ಮಳೆಗಾಲಕ್ಕೆ ಇನ್ನೂ ಮುಂಚೆಯೇ, ಒಂದು ಅಡ್ಡಮಳೆ ಬಂತು. ನಮ್ಮ ಕಡೆ ಮಳೆ ಬಂದರೆ ನೆನೆಯುತ್ತೇವೆ, ಒರೆಸಿಕೊಳ್ಳುತ್ತೇವೆ. ಅಲ್ಲಿ ಮಳೆ ಬಂದರೆ ನೆಲವೇ ಎದ್ದು ಕಾಲು ಹಿಡಿಯುತ್ತದೆ. ಜೀಪಿನ ಗಾಲಿ ಮಣ್ಣು ಕಟ್ಟಿಕೊಂಡು ಊದಿ, ತಿರುಗುವುದನ್ನೇ ಮರೆಯಿತು. ಪ್ರೊಫೆಸರರು ಇಳಿದು ಎರಡು ಹೆಜ್ಜೆ ಇಟ್ಟರು. ಎರಡನೆಯ ಹೆಜ್ಜೆಯಲ್ಲಿ ಕಾಲು ಬಂತು, ಬೂಟು ಬರಲಿಲ್ಲ. ಕೇಶವಮೂರ್ತಿ ಮೊಣಕೈತನಕ ಕೈ ಹಾಕಿ ಹುಡುಕಿದ. ಸಿಕ್ಕಲಿಲ್ಲ. ಇಂಗ್ಲೆಂಡಿನಲ್ಲಿ ಕೊಂಡ ಬೂಟದು, ಈಗ ಎರಿ ಹೊಲದ ಗೊಬ್ಬರ.

ಬೆಳವಣಕಿಯ ರೈತರು ಎತ್ತು ತಂದು ಜೀಪು ಎಳೆದರು. ಎಳೆಯುವ ಮುಂಚೆ ಸುತ್ತ ನಿಂತು, ಎಲ್ಲಿಯವರು, ಯಾತಕ್ಕೆ ಬಂದಿರಿ ಎಂದು ಸಾವಕಾಶವಾಗಿ ವಿಚಾರಿಸಿದರು. ಹುಲ್ಲು ನೋಡಲು ಎಂದೆ. ಒಬ್ಬ ಮುದುಕ ಇನ್ನೊಬ್ಬನಿಗೆ ಹೇಳಿದ: “ಹುಲ್ಲ ನೋಡಾಕ ಎರಿ ಹೊಲಕ್ಕ ಬಂದಾರ. ನಾಳಿ ಮೀನ ಹಿಡ್ಯಾಕ ಗುಡ್ಡಕ್ಕ ಹೊಕ್ಕಾರು.” ಇದನ್ನು ಪ್ರೊಫೆಸರರಿಗೆ ತಿಳಿಗನ್ನಡದಲ್ಲಿ ಹೇಳು ಎಂದರೆ ನಾನು ಏನು ಹೇಳಲಿ? ಊರವರು ನಿಮ್ಮನ್ನು ಸ್ವಾಗತಿಸುತ್ತಾರೆ ಸಾರ್ ಎಂದೆ. ಅವರು ಒಂಟಿ ಬೂಟಿನಲ್ಲಿ ನಿಂತು ಕೈ ಮುಗಿದರು.

ಅಲ್ಲಿ ಕೊಟ್ಟ ಊಟದ ಮಾತು ಹೇಳಲೇಬೇಕು. ರೊಟ್ಟಿ, ಎಣ್ಣೆಗಾಯಿ, ಅಗಸಿ ಚಟ್ನಿ, ಗಟ್ಟಿ ಮೊಸರು. ಅನ್ನ ಕೊನೆಗೆ ಒಂದು ಹಿಡಿ, ಅದೂ ಮೈಸೂರಿನವರು ಅಳಬಾರದು ಎಂಬ ದಯೆಗೆ. ನಾನು ರೊಟ್ಟಿಯ ಲೆಕ್ಕ ತಪ್ಪಿಸಿಕೊಂಡೆ. ಅಜ್ಜಿಗೆ ಈ ಭಾಗ ಓದಿ ಹೇಳಬೇಡಿ.

ರೋಣ

ರೋಣ ತಾಲೂಕು ಕಚೇರಿಯ ಊರು. ಜೋಳ, ಕಡಲೆ, ಹತ್ತಿಯ ಪೇಟೆ. ಚಕ್ಕಡಿಗಳು ನಿಂತಲ್ಲೇ ನಿಂತು ದಾರಿಯನ್ನೇ ಮುಚ್ಚಿಬಿಟ್ಟಿದ್ದವು. ಪ್ರೊಫೆಸರರಿಗೆ ಕಾಲಿಗೆ ಏನಾದರೂ ತರಲು ನನ್ನನ್ನು ಪೇಟೆಗೆ ಅಟ್ಟಿದರು. ಕಿರ್ ಎನ್ನುವ ಚಪ್ಪಲಿಯೇ ಇಲ್ಲಿ ಮರ್ಯಾದೆಯ ಚಪ್ಪಲಿ ಎಂದ ಅಂಗಡಿಯವ. ಮೂಕ ಚಪ್ಪಲಿ ಕೇಳಿದ್ದಕ್ಕೆ ಅವನಿಗೆ ನನ್ನ ಮೇಲೆ ಸಂಶಯ ಬಂತು. ಕಿರ್ ಎನ್ನುವುದನ್ನೇ ತಂದೆ. ಅಂದಿನಿಂದ ಪ್ರೊಫೆಸರರು ಎಲ್ಲಿದ್ದಾರೆಂದು ಕಣ್ಣು ಮುಚ್ಚಿಯೂ ಹೇಳಬಹುದಿತ್ತು.

ನಾನು ಪೇಟೆಯಲ್ಲಿದ್ದಾಗ ಅವರು ಜೀಪಿನಿಂದ ಇಳಿಯದೆಯೇ ಕೆಲಸ ಮುಗಿಸಿದ್ದರು. ಊರ ಹೊರಗೆ ದೂರದಲ್ಲಿ ಒಂದು ಹಿಂಡು ಕಂಡಿತಂತೆ, ಕೇಶವಮೂರ್ತಿ ದುರ್ಬೀನಿನಲ್ಲಿ ಎಣಿಸಿದನಂತೆ. ನರಗುಂದದ್ದರಷ್ಟೇ ದೊಡ್ಡದು, ಪರಿಸ್ಥಿತಿ ಗಂಭೀರವಾಗಿದೆ ಎಂದರು.

ಆ ಗಂಭೀರ ಪರಿಸ್ಥಿತಿಯನ್ನು ಹೊತ್ತುಕೊಂಡು ಮಾಮಲೇದಾರರನ್ನು ಕಂಡೆವು. ನಮ್ಮ ಕಡೆಯ ಅಮಲ್ದಾರರ ಹಾಗೆ ತಾಲೂಕಿನ ಆಡಳಿತವೆಲ್ಲ ಅವರದು. ನಾಟಕದ ಹುಚ್ಚಿನ, ಮೀಸೆಯ, ಒಳ್ಳೆಯ ಮನುಷ್ಯ. ಗಜೇಂದ್ರಗಡದ ಗುಡ್ಡವೂ ಹೀಗೇ ಕುರಿ ಹೆಚ್ಚಾಗಿ ಸವೆದಿದ್ದರೆ ಏನು ಮಾಡುವಿರಿ ಎಂದು ಪ್ರೊಫೆಸರರು ಕೇಳಿದರು. ಅದರಾಗೇನೈತಿ, ಈ ಮಳಿಗಾಲ ಪೂರ್ತಿ ಕುರಿಗೆ ಗುಡ್ಡ ಬಂದ್ ಮಾಡಸ್ತೀನಿ, ನಿಮ್ಮ ಸಭಾದಾಗ ಸಾರಿಬಿಡ್ತೀನಿ ಎಂದರು ಮಾಮಲೇದಾರರು. ಚಪ್ಪಲಿ ಸಂತೋಷದಿಂದ ಕಿರ್ ಎಂದಿತು.

ಗಜೇಂದ್ರಗಡ

ನಮಗೆ ಬಿಡಾರ ಸಿಕ್ಕಿದ್ದು ಸೀರೆ ನೇಯುವವರ ಮನೆಯಲ್ಲಿ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಯಜಮಾನ ನೇಯುತ್ತಿದ್ದರೆ ಇಡೀ ಓಣಿ ಟಕ್ ಟಕಾ ಎನ್ನುತ್ತದೆ. ನಾನು ಪಡಸಾಲೆಯಲ್ಲಿ ಕೂತು ಬಾಯಿಯಲ್ಲೇ ಮಗ್ಗ ಆಡಿಸಿದೆ. ಯಜಮಾನ ತನ್ನದೇ ಲಾಳಿ ಎಡವಿತೆಂದು ಕೈ ನಿಲ್ಲಿಸಿ ನೋಡಿದ. ಕಂಡಿಕೆಗೆ ನೂಲು ಸುತ್ತುತ್ತಿದ್ದ ಅವನ ಹೆಂಡತಿ, ನೀ ಬಾಯಿಲೆ ನೇಯ್ದ ಸೀರಿ ಯಾರಿಗೆ ಉಡಸ್ತೀಯೋ ಪುಣ್ಯಾತ್ಮಾ ಎಂದಳು. ಮೈಸೂರಿನಲ್ಲಿ ಇಷ್ಟು ಚುರುಕಾದ ಬೈಗುಳ ತಿನ್ನಲು ಎಷ್ಟು ದಿನ ಸ್ನೇಹ ಬೆಳೆಸಬೇಕು! ಇಲ್ಲಿ ಬಂದ ಗಳಿಗೆಗೇ ಬಡಿಸುತ್ತಾರೆ.

ಗುಡ್ಡದ ಮೇಲೆ ಹುಲ್ಲಿತ್ತು. ಕಲ್ಲಿನ ಸಂದಿಯಲ್ಲಿ, ಕೆಂಪು ಮಣ್ಣಿನಲ್ಲಿ, ಅಡ್ಡಮಳೆಗೆ ಚಿಗುರಿದ ಹುಲ್ಲು. ಪ್ರೊಫೆಸರರು ಮರದ ಚೌಕಟ್ಟನ್ನು ಅಲ್ಲಲ್ಲಿ ಎಸೆದು, ಬಗ್ಗಿ, ಅದರೊಳಗೆ ಸಿಕ್ಕ ಎಸಳು ಎಣಿಸಿದರು. ಕೆಳಗಿನ ಇಳಿಜಾರಿನಲ್ಲಿ ಒಂದು ಹಿಂಡು ಮೇಯುತ್ತಿತ್ತು. ಕೇಶವಮೂರ್ತಿ ದುರ್ಬೀನಿನಲ್ಲಿ ಅದನ್ನೂ ಎಣಿಸಿದ. ಅಲ್ಲಿಗೆ ನರಗುಂದದ್ದೊಂದು, ರೋಣದ್ದೊಂದು, ಗಜೇಂದ್ರಗಡದ್ದೊಂದು, ಮೂರು ದೊಡ್ಡ ಹಿಂಡು. ಮಳೆ ಹಿಡಿದರೆ ಮೂರೂ ಈ ಗುಡ್ಡಕ್ಕೇ ಬರುತ್ತವೆ, ಇಷ್ಟು ಹುಲ್ಲು ಹೇಗೆ ತಡೆದೀತು ಎಂದು ಪ್ರೊಫೆಸರರು ಕೊರಗಿದರು. ಕೊರಗು ಪ್ರಾಮಾಣಿಕವಾಗಿಯೇ ಇತ್ತು. ಅವರಿಗೆ ಹುಲ್ಲಿನ ಮೇಲೆ ಅಷ್ಟು ಪ್ರೀತಿ.

ನನಗೆ ಬೇಜಾರು. ಬಂಡೆಯ ಮೇಲೆ ಕೂತವನು ಸುಮ್ಮನೆ, ಬಾಯಿಯ ತುರಿಕೆಗೆ, ಬೀರಪ್ಪನ ಕೂಗು ಕೂಗಿದೆ.

ಕೆಳಗಿನ ಹಿಂಡು ಮೇಯುವುದನ್ನು ಬಿಟ್ಟು ತಲೆಯೆತ್ತಿತು. ಇನ್ನೊಮ್ಮೆ ಕೂಗಿದೆ. ಹಿಂಡು ಒಂದೇ ಮೈಯಾಗಿ ಗುಡ್ಡ ಹತ್ತತೊಡಗಿತು. ಚೌಕಟ್ಟು ತುಳಿದು, ಕೇಶವಮೂರ್ತಿಯ ಕಾಲಸಂದಿಯಲ್ಲಿ ನುಗ್ಗಿ ಬಂದು ನನ್ನ ಬಂಡೆಯ ಸುತ್ತ ನಿಂತು ಬ್ಯಾ ಎಂದಿತು. ಹಿಂದೆಯೇ ಏದುಸಿರು ಬಿಡುತ್ತ, ಕುರಿ ಕಳ್ಳರ ಮೂರು ತಲೆಮಾರಿಗೆ ಶಾಪ ಹಾಕುತ್ತ ಒಬ್ಬಳು ಹತ್ತಿ ಬಂದಳು. ಮಾಳವ್ವ.

ನನ್ನನ್ನು ನೋಡಿ ಸೊಂಟದ ಮೇಲೆ ಕೈ ಇಟ್ಟು ನಿಂತಳು. ನೀವು ಯಾತಕ್ಕೆ ನಮ್ಮ ಬೆನ್ನು ಹತ್ತಿದ್ದೀರಿ ಎಂಬುದು ಅವಳ ಮೊದಲ ಪ್ರಶ್ನೆ. ನರಗುಂದದಲ್ಲಿ ನೋಡಿದಿರಿ. ರೋಣದ ಹೊರಗೆ ಜೀಪಿನಲ್ಲಿ ಕೂತು ಕಣ್ಣಿಗೆ ನಳಿಕೆ ಇಟ್ಟುಕೊಂಡು ನೋಡಿದಿರಿ. ಈಗ ಇಲ್ಲೂ. ನಮ್ಮ ಕುರಿಗೆ ಕಣ್ಣು ತಾಗಿಸಬೇಕೆಂದೇ ಮೈಸೂರಿನಿಂದ ಬಂದಿರೇನು ಎಂದಳು.

ನನಗೆ ಹೊಳೆದದ್ದು ಆಗ. ಮೂರು ಹಿಂಡಿಲ್ಲ. ಒಂದೇ ಹಿಂಡು, ವರ್ಷವೂ ಹೋಗುವ ದಾರಿಯಲ್ಲಿ ಎರಿ ಬಿಟ್ಟು ಗುಡ್ಡಕ್ಕೆ ಬಂದಿದೆ. ಜೀಪು ಕೆಸರಿನಲ್ಲಿ ಹೂತು, ಚಪ್ಪಲಿ ಹುಡುಕಿ, ಅಲ್ಲಲ್ಲಿ ತಂಗಿ, ನಾವು ಅದರ ಜೊತೆಜೊತೆಗೇ ತೆವಳಿದ್ದೇವೆ, ಕಂಡಲ್ಲೆಲ್ಲ ಹೊಸದೆಂದು ಎಣಿಸಿದ್ದೇವೆ. ಓಡಿ ಹೋಗಿ ಪ್ರೊಫೆಸರರಿಗೆ ಹೇಳಿದೆ. ಖುಷಿಪಡುತ್ತಾರೆ ಎಂದುಕೊಂಡಿದ್ದೆ, ಹುಲ್ಲು ಉಳಿಯಿತಲ್ಲ!

ಅವರು ಖುಷಿಪಡಲಿಲ್ಲ. “ಕುರುಬರೆಲ್ಲ ನಿನಗೆ ಒಂದೇ ತರ ಕಾಣಿಸ್ತಾರೆ ಕಣಯ್ಯ. ಗುರುತು ತಪ್ಪಿದ್ದೀಯ” ಎಂದರು.

ಅವಳೇ ಹೇಳ್ತಿದ್ದಾಳಲ್ಲ ಸಾರ್ ಎಂದೆ. ಕುರಿ ಇರುವವಳು ಕುರಿ ಕಡಿಮೆ ಇದೆ ಅಂತಲೇ ಹೇಳುತ್ತಾಳೆ, ಅದು ಸಾಕ್ಷಿಯಾಗೋಲ್ಲ ಎಂದರು. ಮತ್ತೆ ಕುರಿ ನನ್ನ ಕೂಗಿಗೆ ಬಂತಲ್ಲ ಎಂದೆ. ಕುರಿ ಯಾವ ಕೂಗಿಗಾದರೂ ಬರುತ್ತೆ, ಅದಕ್ಕೇ ಅದನ್ನು ಕುರಿ ಅನ್ನೋದು ಎಂದರು.

ಸ್ವಾಮಿ, ನಾನು ನಗಿಸುವವನು, ಸಿಟ್ಟು ನನಗೆ ಒಗ್ಗುವುದಿಲ್ಲ. ಆದರೆ ಆಗ ಮೈ ಉರಿಯಿತು. ಮಾಳವ್ವ ಎದುರಿಗೇ ನಿಂತಿದ್ದಾಳೆ. ಎರಿ ಹಸಿಯಾಗಿದೆ, ಹಿಂದಕ್ಕೆ ಹೋಗುವಂತಿಲ್ಲ. ಗುಡ್ಡ ಮುಚ್ಚಿದರೆ ಹಿಂಡನ್ನು ಕಟುಕರಿಗೆ ಕೊಡದೆ ಬೇರೆ ದಾರಿಯಿಲ್ಲ. ಹಿಂಡಿನಲ್ಲಿ ಆಗತಾನೇ ಹುಟ್ಟಿದ ಮರಿಗಳಿದ್ದವು, ಒಂದು ಅವಳ ಕಂಬಳಿಯಲ್ಲೇ ಇತ್ತು. ಅಂಥವಳನ್ನು ಮುಂದೆ ನಿಲ್ಲಿಸಿಕೊಂಡು, ನೀನು ನೀನಲ್ಲ, ರೋಣದಲ್ಲಿ ಕಂಡದ್ದು ಬೇರೆಯವಳು ಎನ್ನುವುದೇ? ಎಸಳು ಎಸಳು ಹುಲ್ಲನ್ನು ಹೆಸರು ಹಿಡಿದು ಗುರುತಿಸುವವರಿಗೆ ಒಬ್ಬ ಹೆಂಗಸಿನ ಮುಖ ಗುರುತಾಗುವುದಿಲ್ಲವೇ?

ಸಭೆ

ತಿಳಿವಳಿಕೆಯ ಸಭೆ ಗುಡ್ಡದ ಬುಡದಲ್ಲಿ, ಚಪ್ಪರದ ಕೆಳಗೆ. ಮಾಮಲೇದಾರರು ಕುರ್ಚಿಯಲ್ಲಿ, ಊರ ಜನ, ನೇಕಾರರು, ಕುರುಬರು ನೆಲದ ಮೇಲೆ. ಕೇಶವಮೂರ್ತಿ ಗೋಣಿತಟ್ಟಿನ ಮೇಲೆ ಕಾಗದ ಅಂಟಿಸಿ ದೊಡ್ಡ ಚಿತ್ರ ಬರೆದಿದ್ದ. ಮೂರು ಊರಿನ ಹೆಸರಿನ ಮೂರು ದಪ್ಪ ಕುರಿ, ನಡುವೆ ಬಡಪಾಯಿ ಒಂದು ಹುಲ್ಲಿನ ಎಸಳು. ಅಂಟು ನಮ್ಮ ಬಿಡಾರದ ಮನೆಯವರದು, ನೂಲಿಗೆ ಬಳಿಯುವ ಗಂಜಿ.

ಪ್ರೊಫೆಸರರು ಎರಡು ವಾಕ್ಯ ಹೇಳುವುದು, ನಾನು ಅದನ್ನು ಆ ಸೀಮೆಯ ಮಾತಿಗೆ ತಿರುಗಿಸುವುದು, ಹೀಗೆ ನಡೆಯಿತು. ನರಗುಂದದ ಹಿಂಡು ಎಂದರು, ತಿರುಗಿಸಿದೆ. ರೋಣದ ಹಿಂಡು ಎಂದಾಗ ನನ್ನ ಬಾಯಿ ಕಟ್ಟಿತು. ಯಾರ ಮಾತು ಬೇಕಾದರೂ ಆಡಬಲ್ಲ ಬಾಯಿ, ಸುಳ್ಳನ್ನು ಮಾತ್ರ ಆ ಹೆಂಗಸಿನ ಮುಂದೆ ಆಡಲಾರದೆ ಹೋಯಿತು. ಮಾಮಲೇದಾರರ ಕಡೆ ತಿರುಗಿ, ಸಾಹೇಬರೇ, ಈ ಮೂರು ಕುರಿಯೂ ಒಂದೇ ಕುರಿ, ಒಡತಿ ಅಲ್ಲಿ ಕೂತಿದ್ದಾಳೆ ಎಂದು ನನ್ನ ಮೈಸೂರು ಕನ್ನಡದಲ್ಲೇ ಹೇಳಿಬಿಟ್ಟೆ. ಮಾಳವ್ವ ಎದ್ದು ಎಲ್ಲವನ್ನೂ ಹೇಳಿದಳು. ಇಮಾಮಸಾಬ ಕೆಮ್ಮಿ, ಹೌದ್ರಿ, ರೋಣದಾಗ ನಾನೂ ನೋಡೇನಿ, ಇದ ಹೆಣ್ಮಗಳು ಎಂದ. ಪ್ರೊಫೆಸರರು, ಕುರಿ ಯಾವ ಕೂಗಿಗಾದರೂ ಬರುತ್ತೆ, ಹೆಂಗಸು ಏನಾದರೂ ಹೇಳುತ್ತಾಳೆ ಎಂದರು. ಮಾಮಲೇದಾರರು ಅವಳನ್ನು ನೋಡಲಿಲ್ಲ. ಮೀಸೆ ತಿರುವುತ್ತ ನನ್ನನ್ನು ನೋಡಿದರು.

ಇಳಿಜಾರಿನಲ್ಲಿ ಎರಡು ಹಿಂಡು ಮೇಯುತ್ತಿದ್ದವು. ಒಂದು ಬೀರಪ್ಪನದು, ಇನ್ನೊಂದು ಗಜೇಂದ್ರಗಡದ ಬೇರೊಬ್ಬ ಕುರುಬನದು. “ಕೂಗು ನೋಡೋಣು ತಮ್ಮಾ,” ಎಂದರು ಮಾಮಲೇದಾರರು. “ಎರಡೂ ಬಂದ್ರ ಪ್ರೊಫೆಸರರ ಮಾತು ಖರೇ. ಒಂದ ಬಂದ್ರ ನಿಂದು.”

ಬಾಯಿ ಒಣಗಿತ್ತು. ಮೊದಲನೆಯ ಕೂಗು ಬರೀ ಗಾಳಿಯಾಯಿತು. ಜನ ನಕ್ಕರು. ನೇಕಾರನ ಹೆಂಡತಿ ಚರಿಗೆಯಲ್ಲಿ ನೀರು ಕೊಟ್ಟಳು. ಕುಡಿದು, ತುಟಿ ನಡುಗಿಸಿ, ನಾಲಿಗೆ ಬಡಿದು, ಮುರುಕು ಹಲ್ಲಿನಿಂದ ಸಿಳ್ಳೆ ಬಿಟ್ಟೆ.

ಒಂದು ಹಿಂಡು ತಲೆ ಕೂಡ ಎತ್ತಲಿಲ್ಲ. ಇನ್ನೊಂದು ಬಂತು. ಬಂತು ಎಂದರೆ ಚಪ್ಪರದೊಳಗೇ ಬಂತು. ಕುರ್ಚಿ ಉರುಳಿದವು, ಕಿರ್ ಎನ್ನುವ ಚಪ್ಪಲಿಯೊಂದು ಜನರ ನಡುವೆ ಮಾಯವಾಯಿತು. ಟಗರೊಂದು ಗಂಜಿಯ ವಾಸನೆ ಹಿಡಿದು ಚಿತ್ರಕ್ಕೆ ಬಾಯಿ ಹಾಕಿ, ನರಗುಂದದಿಂದ ಸುರುಮಾಡಿ ಒಂದೊಂದೇ ಊರು ತಿನ್ನತೊಡಗಿತು.

ಮಾಮಲೇದಾರರು ಕಣ್ಣೀರು ಒರೆಸಿಕೊಳ್ಳುತ್ತ ನಕ್ಕರು. “ಪ್ರೊಫೆಸರ್‌ರ, ನಿಮ್ಮ ಮೂರೂ ಕುರೀನ ಒಂದ ಕುರಿ ತಿಂದು ಹೋತಲ್ರಿ.” ಗುಡ್ಡ ಬಂದ್ ಮಾಡುವುದಿಲ್ಲ ಎಂದು ಅಲ್ಲೇ ಸಾರಿದರು. ಪ್ರೊಫೆಸರರು, ಆಗಲಿ, ಬರುವ ವರ್ಷ ಮತ್ತೊಮ್ಮೆ ಎಣಿಸೋಣ ಎಂದರು. ಮಾಳವ್ವನಿಗೆ ಅವರು ಒಂದು ಮಾತೂ ಹೇಳಲಿಲ್ಲ.

ಜನ ನನ್ನ ಬೆನ್ನು ತಟ್ಟಿದರು. ನಾನು ಹಿಗ್ಗಿ ಮಾಳವ್ವನ ಮುಂದೆ ಹೋಗಿ ನಿಂತೆ, ಶಹಭಾಸ್ ಅನ್ನಲಿ ಎಂದು. ಅವಳು ಮರಿಗಳನ್ನು ನೋಡಿಕೊಳ್ಳುತ್ತಿದ್ದಳು, ನೂಕಾಟದಲ್ಲಿ ಒಂದರ ಕಾಲು ಉಳುಕಿತ್ತು.

“ಕುರಿ ಮಾತು ಕೇಳಿದ್ರಿ, ಚಲೋ ಆತು,” ಎಂದಳು. “ನಾನೂ ಅದನ್ನ ಹೇಳಿದ್ದೆ.”

ಬೀರಪ್ಪ ಚಪ್ಪರದ ಕಡೆ, ನನ್ನ ಕೂಗನ್ನು ಆಗಲೇ ಆಡಿ ನೋಡುತ್ತಿದ್ದ ಊರ ಹುಡುಗರ ಕಡೆ ನೋಡಿದ. “ನಮ್ಮ ಕೂಗು ಮಂದಿಗೆಲ್ಲ ಗೊತ್ತಾತು,” ಎಂದ. ಸಿಟ್ಟಿಲ್ಲದೆ, ಮಳೆ ಬಂತು ಎನ್ನುವ ಹಾಗೆ.

ಗದಗದ ಬಸ್ಸು

ಪ್ರೊಫೆಸರರು ನನ್ನನ್ನು ಜೀಪಿನಲ್ಲಿ ಕರೆದೊಯ್ಯಲು ಮನಸ್ಸು ಮಾಡಲಿಲ್ಲ. ನಾನೂ ಬೇಡಲಿಲ್ಲ. ಬೆಳಗಿನ ಬಸ್ಸಿಗೆ ಕೂತೆ. ನೇಕಾರನ ಹೆಂಡತಿ ರೊಟ್ಟಿ ಕಟ್ಟಿಕೊಟ್ಟಿದ್ದಳು. ಸಿಟ್ಟು ಮಾತ್ರ ಇಳಿದಿರಲಿಲ್ಲ. ಒಂದು ಗುಡ್ಡ ಉಳಿಯಬೇಕಾದರೆ ಒಬ್ಬ ಕೋಡಂಗಿಯ ಬಾಯಿ ಬೇಕು, ಒಂದು ಟಗರಿನ ಹೊಟ್ಟೆ ಬೇಕು. ಆ ಗುಡ್ಡದ ಮೇಲೆ ಬದುಕುವವಳ ಮಾತು ಸಾಲದು. ಇದೆಂಥ ಲೋಕ, ಸೇತುವೆಯ ಈಚೆಯೂ, ಆಚೆಯೂ!

ಊರ ಹೊರಗೆ ಬಸ್ಸು ಇಂಜಿನ್ನಿಗೆ ನೀರು ಹಾಕಿಸಿಕೊಳ್ಳಲು ನಿಂತಿತು. ಇಳಿಜಾರಿನಲ್ಲಿ ಬೀರಪ್ಪನ ಹಿಂಡು. ಬೀರಪ್ಪ ಕೂಗುತ್ತಿದ್ದ. ಅದು ನನಗೆ ಗೊತ್ತಿದ್ದ ಕೂಗಲ್ಲ. ಸಿಳ್ಳೆಯಿಲ್ಲ. ಗಂಟಲಿನ ಆಳದಿಂದ ಎರಡು ಗುಟುರು, ಆಮೇಲೆ ಒಂದು ತಡೆ, ಆಮೇಲೆ ಉದ್ದನೆಯ ಹೊಸ ದನಿ. ಕುರಿಗಳು ನಿಂತಲ್ಲೇ ನಿಂತು ಅವನ ಮುಖ ನೋಡುತ್ತಿದ್ದವು. ಮಾಳವ್ವ ಹಿಂದಿನಿಂದ ಒಂದೊಂದನ್ನೇ ಅವನ ಕಡೆಗೆ ನೂಕುತ್ತಿದ್ದಳು. ನೂಕುವುದು, ಅವನು ಕೂಗುವುದು. ಮತ್ತೆ ನೂಕುವುದು, ಮತ್ತೆ ಕೂಗುವುದು. ಇಡೀ ಹಿಂಡಿಗೆ ಹೊಸ ಕೂಗು ಕಲಿಸುತ್ತಿದ್ದರು.

ನನ್ನ ಗಂಟಲು ತನ್ನಷ್ಟಕ್ಕೆ ತಾನೇ ಎರಡು ಗುಟುರು ತೆಗೆಯಿತು. ಆ ಉದ್ದನೆಯ ದನಿಗೆ ನಾಲಿಗೆ ಎದ್ದಿತ್ತು. ನೇಕಾರನ ಹೆಂಡತಿಯ ಗಂಟು ಬಿಚ್ಚಿ, ಒಂದು ಇಡೀ ರೊಟ್ಟಿ ಬಾಯಿಗೆ ತುರುಕಿಕೊಂಡು, ಬಸ್ಸು ಆ ಗುಡ್ಡ ದಾಟುವತನಕ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕೂತೆ.